ಮನುಷ್ಯನಿಗಲ್ಲ, ಕೆಲಸಕ್ಕೆ ಅಂಕಿ: ನಮ್ಮ ಶಾಲೆಯಲ್ಲಿ ಸಾಂದರ್ಭಿಕ ನಾಯಕತ್ವ ಕೈಹಿಡಿದ ಬಗೆ

ಚಳ್ಳಕೆರೆ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕ ನಾನು. ಒಂದರಿಂದ ಏಳರವರೆಗೆ ತರಗತಿ, 160ರ ಆಸುಪಾಸು ಮಕ್ಕಳು. ಆರು ಜನ ಕಾಯಂ ಶಿಕ್ಷಕರು, ಒಬ್ಬರು ಅತಿಥಿ ಶಿಕ್ಷಕಿ. ಹರ್ಸಿ ಮತ್ತು ಬ್ಲಾಂಚರ್ಡ್ 1969ರಲ್ಲಿ ಮುಂದಿಟ್ಟ ಸಾಂದರ್ಭಿಕ ನಾಯಕತ್ವವನ್ನು ಶಾಲೆಯಲ್ಲಿ ಮಾಡಿ ನೋಡುತ್ತೇನೆ ಅಂದಾಗ ಸುತ್ತಲಿನ ಶಾಲೆಗಳ ಕ್ಲಸ್ಟರ್ ಸಭೆಯಲ್ಲಿ ಯಾರೂ ನಂಬಲಿಲ್ಲ. ‘ಅದೆಲ್ಲ ಬಿ.ಎಡ್. ಪರೀಕ್ಷೆಗೆ ಸರಿ ಮೇಷ್ಟ್ರೇ, ನಮಗೆ ಊಟದ ಲೆಕ್ಕ ಬರೆಯೋಕೇ ಟೈಮ್ ಸಾಲಲ್ಲ’ ಅಂದರು. 2023ರ ಜೂನ್‌ನಲ್ಲಿ ಶುರು ಮಾಡಿದೆ. ಈಗ ಅದೇ ಗೆಳೆಯರು, ಯಾರಿಗೆ ಯಾವ ಕೆಲಸದಲ್ಲಿ ಎಷ್ಟು ಅಂಕಿ ಅಂತ ನಾನು ಬರೆದಿಡುವ ಹಾಳೆಯ ಫೋಟೊ ಕೇಳುತ್ತಿದ್ದಾರೆ. ಬರೀ ಫೋಟೊ ನೋಡಿದರೆ ಏನೂ ತಿಳಿಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಥಿಯರಿ ಒಂದೇ ಮಾತಿನಲ್ಲಿ: ಎಲ್ಲರನ್ನೂ ಒಂದೇ ರೀತಿ ನಡೆಸಬೇಡ, ಆ ಕೆಲಸ ಅವರಿಗೆ ಎಷ್ಟು ಬರುತ್ತದೆ, ಎಷ್ಟು ಮನಸ್ಸಿದೆ ಅಂತ ನೋಡಿ ನಡೆಸು. ಅದಕ್ಕಿಂತ ಬಿಡಿಸಿ ಹೇಳುವುದಿಲ್ಲ.

ಇದಕ್ಕೆ ಮೊದಲು ಎರಡು ವರ್ಷ ಬೇರೆ ದಾರಿಗಳನ್ನು ನೋಡಿದ್ದೆ. ಮೊದಲು ಪ್ರಜಾಸತ್ತಾತ್ಮಕ ಶೈಲಿ. ಎಲ್ಲವನ್ನೂ ಶಿಕ್ಷಕರ ಸಭೆಗೆ ಇಡುತ್ತಿದ್ದೆ. ವೇಳಾಪಟ್ಟಿ, ಬಿಸಿಯೂಟದ ಪಾಳಿ, ಪ್ರತಿಭಾ ಕಾರಂಜಿಗೆ ಮಕ್ಕಳನ್ನು ಯಾರು ಕರೆದುಕೊಂಡು ಹೋಗಬೇಕು, ಎಲ್ಲವೂ. ಶನಿವಾರ ಶಾಲೆ ಬಿಟ್ಟ ಮೇಲೆ ಸಭೆ. ಬಸ್ಸಿಗೆ ಹೋಗಬೇಕಾದವರ ಕಣ್ಣು ಗಡಿಯಾರದ ಮೇಲೇ ಇರುತ್ತಿತ್ತು. ‘ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಅಂತ ನಡಾವಳಿ ಪುಸ್ತಕದಲ್ಲಿ ಸಹಿ ಬೀಳುತ್ತಿತ್ತು. ಸೋಮವಾರ ಬಂದರೆ ಆ ಕೆಲಸ ಯಾರದ್ದೂ ಅಲ್ಲ.

ದುಡ್ಡಿನ ಕಥೆಯೂ ಅಷ್ಟೇ. ನಮ್ಮ ಮಕ್ಕಳ ಸಂಖ್ಯೆಗೆ ಸಂಯುಕ್ತ ಶಾಲಾ ಅನುದಾನ ವರ್ಷಕ್ಕೆ 50,000 ರೂಪಾಯಿ. ಅದನ್ನು ಸಭೆಗೆ ಇಟ್ಟರೆ ಏನಾಗುತ್ತೆ ಅಂತ ನಿಮಗೂ ಗೊತ್ತು. ಒಬ್ಬರಿಗೆ ಬೀರು, ಒಬ್ಬರಿಗೆ ಜಮಖಾನೆ, ಇನ್ನೊಬ್ಬರಿಗೆ ಬಣ್ಣ. ಯಾರಿಗೂ ಬೇಜಾರಾಗಬಾರದು ಅಂತ ಹಂಚಿ ಹಂಚಿ, ಮಕ್ಕಳು ಓದುವ ಪುಸ್ತಕಕ್ಕೆ ಉಳಿದದ್ದು ಎರಡು ಸಾವಿರ ಚಿಲ್ಲರೆ. ಆ ವರ್ಷ ಐದನೇ ತರಗತಿಯ 28 ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಸರಾಗವಾಗಿ ಓದುತ್ತಿದ್ದವರು ಒಂಬತ್ತೋ ಹತ್ತೋ ಮಂದಿ.

ಆಮೇಲೆ ಹಿರಿಯರೊಬ್ಬರ ಮಾತು ಕೇಳಿ ಕೊಡು-ಕೊಳ್ಳುವ ನಾಯಕತ್ವಕ್ಕೆ, ಅಂದರೆ ಕೆಲಸಕ್ಕೆ ತಕ್ಕ ಪ್ರತಿಫಲ ಕೊಡುವ ಶೈಲಿಗೆ ಬಂದೆ. ನಮ್ಮ ಭಾಗದ ಸಂತ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ ‘ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ’ ನಮ್ಮ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ‘ನಾಯಕತ್ವದ ಬಗ್ಗೆ ಬರ್ನ್ಸ್ 1978ರಲ್ಲಿ ಬರೆದದ್ದನ್ನು ಅಜ್ಜಯ್ಯ ಯಾವತ್ತೋ ಹೇಳಿಬಿಟ್ಟಿದ್ದಾರೆ, ಮಾಡಿದವರಿಗೆ ಕೊಡು, ತಾನಾಗೇ ಆಗುತ್ತೆ’ ಅಂದರು ಅವರು. ಸರಿ, ಯಾವ ತರಗತಿಯ ಓದು ಹೆಚ್ಚು ಸುಧಾರಿಸುತ್ತದೋ ಆ ಶಿಕ್ಷಕರಿಗೆ ತಿಂಗಳಿಗೊಂದು ಬಹುಮಾನ ಇಟ್ಟೆ. ಕೈಯಿಂದಲೇ ಹಾಕಿದ ದುಡ್ಡು, ವರ್ಷಕ್ಕೆ ಆರೇಳು ಸಾವಿರ ಆಗಿರಬೇಕು. ಮೂರನೇ ತಿಂಗಳಿಗೇ ಕೆಟ್ಟಿತು. ಎಲ್ಲರಿಗೂ ನಾಲ್ಕನೇ ತರಗತಿ ಬೇಕು, ಐದು ಯಾರಿಗೂ ಬೇಡ. ಐದರಲ್ಲಿ ಅಪ್ಪ ಅಮ್ಮನ ಜೊತೆ ಗುಳೆ ಹೋಗಿ ಬಂದ ಮಕ್ಕಳಿದ್ದರು, ಅವರ ಅಂಕಿ ಬೇಗ ಏಳುವುದಿಲ್ಲ. ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸಿದವರು. ಅಗೆದ ಮಣ್ಣನ್ನು ಸಂಜೆಗೆ ಅಳೆಯಬಹುದು. ಒಬ್ಬ ಹುಡುಗ ಓದಲು ಕಲಿತರೆ ಅದರಲ್ಲಿ ಹಿಂದಿನ ವರ್ಷದ ಮೇಡಂ ಪಾಲೆಷ್ಟು, ಈ ವರ್ಷದ ಮೇಷ್ಟ್ರ ಪಾಲೆಷ್ಟು, ಮನೆಯಲ್ಲಿ ಅಕ್ಕ ಕೂತು ಓದಿಸಿದ್ದೆಷ್ಟು ಅಂತ ಹೇಗೆ ಅಳೆಯುವುದು? ಬಹುಮಾನ ನಿಲ್ಲಿಸಿದೆ.

ದೊಡ್ಡ ಗುರಿ ತೋರಿಸಿ ಹುರಿದುಂಬಿಸುವ ಪರಿವರ್ತನಾ ನಾಯಕತ್ವ, ಮೊದಲು ಸೇವೆ ಆಮೇಲೆ ನಾಯಕತ್ವ ಅನ್ನುವ ಸೇವಕ ನಾಯಕತ್ವದ ಹೆಸರಲ್ಲೂ ಕೆಲವು ವಾರ ಹೋದವು. ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿಯವರ ಬಗ್ಗೆ ಶಿಕ್ಷಕರ ಜೊತೆ ತುಂಬಾ ಮಾತಾಡಿದೆ. ‘ತಿರುಕ’ ಅಂತ ಹೆಸರಿಟ್ಟುಕೊಂಡು, ಜೋಳಿಗೆ ಹಿಡಿದು ಬೇಡಿ ತಂದು ಶಾಲೆ ನಡೆಸಿದವರು ಅವರು. ಗ್ರೀನ್‌ಲೀಫ್ 1970ರಲ್ಲಿ ಹೇಳಿದ ಸೇವಕ ನಾಯಕನನ್ನು ನೋಡಬೇಕೆಂದರೆ ನಾವು ಹೊಳಲ್ಕೆರೆ ತಾಲ್ಲೂಕು ದಾಟಿ ಹೋಗಬೇಕಿಲ್ಲ. ಎಲ್ಲರೂ ಮನಸ್ಸಿಟ್ಟು ಕೇಳಿದರು. ಆ ಹುಮ್ಮಸ್ಸು ದೊಡ್ಡದೇ, ಆದರೆ ಸ್ಯಾಟ್ಸ್ (ಮಕ್ಕಳ ವಿವರ ತುಂಬುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ನಮೂದು ಹೇಗೆ ಮಾಡಬೇಕು ಅಂತ ಗೊತ್ತಿಲ್ಲದವರಿಗೆ ಹುಮ್ಮಸ್ಸಿನಿಂದ ಅದು ಬರುವುದಿಲ್ಲ.

ಇನ್ನು ಹಾಳೆಯ ವಿಷಯ. ಅರ್ಧ ಡ್ರಾಯಿಂಗ್ ಶೀಟು ಸಾಕು. ಎಡಕ್ಕೆ ಹೆಸರುಗಳು, ಅಡುಗೆಯವರನ್ನೂ ಸೇರಿಸಿ. ಮೇಲುಗಡೆ ಕೆಲಸಗಳು: ನಲಿ-ಕಲಿ (ಚಿಕ್ಕ ತರಗತಿಗಳ ಚಟುವಟಿಕೆ ಆಧಾರಿತ ಕಲಿಕೆ), ಓದಿಸುವುದು, ಇಂಗ್ಲಿಷ್, ಸ್ಯಾಟ್ಸ್ ನಮೂದು, ಬಿಸಿಯೂಟದ ಲೆಕ್ಕ, ಮೊಟ್ಟೆ ಖರೀದಿ, ಪೋಷಕರ ಮನೆ ಭೇಟಿ, ಎಸ್‌ಡಿಎಂಸಿ (ಶಾಲೆಯ ಮೇಲುಸ್ತುವಾರಿ ಸಮಿತಿ) ಸಭೆ, ಹೀಗೆ. ಹಾಳೆಯ ಪ್ರತಿ ಚೌಕದಲ್ಲೂ, ಅಂದರೆ ಪ್ರತಿ ಮನೆಯಲ್ಲೂ, ಪೆನ್ಸಿಲ್‌ನಲ್ಲಿ ಒಂದರಿಂದ ನಾಲ್ಕರೊಳಗೆ ಒಂದು ಅಂಕಿ. 1 ಅಂದರೆ ಹೇಳಿ ಮಾಡಿಸುವುದು. 2 ಅಂದರೆ ಯಾಕೆ ಅಂತ ಒಪ್ಪಿಸಿ ಮಾಡಿಸುವುದು. 3 ಅಂದರೆ ಜೊತೆಗೆ ಕೂತು ಅವರಿಂದಲೇ ಕೇಳುವುದು. 4 ಅಂದರೆ ಪೂರ್ತಿ ಬಿಟ್ಟುಕೊಡುವುದು. ಎರಡು ತಿಂಗಳಿಗೊಮ್ಮೆ ರಬ್ಬರ್ ಹಿಡಿದು ತಿದ್ದುತ್ತೇನೆ.

ಇದರ ಜೀವ ಇರುವುದು ಒಂದೇ ಕಡೆ. ಅಂಕಿ ಮನುಷ್ಯನಿಗಲ್ಲ, ಆ ಮನುಷ್ಯ ಮಾಡುವ ಆ ಒಂದು ಕೆಲಸಕ್ಕೆ. ಎಷ್ಟೋ ಮುಖ್ಯ ಶಿಕ್ಷಕರು ಈ ಥಿಯರಿಯನ್ನು ಓದಿ ‘ಇವರು 4ನೇ ಥರದವರು, ಇವರು 1ನೇ ಥರದವರು’ ಅಂತ ಜನಕ್ಕೆ ಹಣೆಪಟ್ಟಿ ಹಚ್ಚುತ್ತಾರೆ, ಆಮೇಲೆ ಥಿಯರಿ ಸರಿ ಇಲ್ಲ ಅನ್ನುತ್ತಾರೆ. ನಮ್ಮ ಹಿರಿಯ ಮೇಡಂ ಅವರನ್ನೇ ನೋಡಿ. ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟ ಸೇವೆ. ನಲಿ-ಕಲಿಯಲ್ಲಿ ಅವರಿಗೆ ಕಣ್ಣುಮುಚ್ಚಿ 4. ಸ್ಯಾಟ್ಸ್‌ನಲ್ಲಿ 1. ಹಿರಿಯರು ಅನ್ನುವ ಮರ್ಯಾದೆಗೆ ಎಲ್ಲದರಲ್ಲೂ 4 ಅಂತ ಬಿಟ್ಟರೆ ಅವರ ತರಗತಿಯ ನಮೂದು ಕೊನೇ ದಿನ ಬೇರೆಯವರ ತಲೆಗೆ ಬೀಳುತ್ತದೆ. ಹಾಗಾಗಿ ಪಕ್ಕದಲ್ಲಿ ಕೂತು ಎಲ್ಲಿ ಒತ್ತಬೇಕು, ಏನು ಬರೆಯಬೇಕು ಅಂತ ಬಿಡಿಬಿಡಿಯಾಗಿ ಹೇಳಿದೆ. ಅವರಿಗೆ ಬೇಜಾರಾಗಲಿಲ್ಲ. ‘ಇಷ್ಟು ವರ್ಷ ಯಾರೂ ಹೀಗೆ ಕೂತು ಹೇಳಿರಲಿಲ್ಲ ಸರ್’ ಅಂದರು. ಈಗ ಆ ಮನೆಯಲ್ಲಿ 3 ಇದೆ.

ಎಲ್ಲಕ್ಕಿಂತ ಕಷ್ಟ, ಕೆಲಸ ಬರುತ್ತದೆ, ಮನಸ್ಸಿಲ್ಲ ಅನ್ನುವವರದು. ಗಣಿತದ ಮೇಷ್ಟ್ರು ಒಳ್ಳೇ ಬುದ್ಧಿವಂತರು. ‘ಓದಿಸೋದು ಕನ್ನಡದವರ ಕೆಲಸ’ ಅಂತ ಕೂತಿದ್ದರು. ಇಂಥವರಿಗೆ ಆದೇಶ ಕೊಟ್ಟರೆ ಮುಗಿಯಿತು. ನಾನು ಐದನೇ ತರಗತಿಯ ಮಕ್ಕಳಿಗೆ ಎರಡು ಲೆಕ್ಕ ಕೊಟ್ಟು ಉತ್ತರದ ಹಾಳೆಗಳನ್ನು ಅವರ ಮೇಜಿನ ಮೇಲೆ ಇಟ್ಟೆ. ಮೊದಲನೆಯದು 35 x 12. ಎರಡನೆಯದು, ‘ಒಂದು ಚೀಲದಲ್ಲಿ 35 ಕೆ.ಜಿ. ಶೇಂಗಾ ಇದೆ, 12 ಚೀಲದಲ್ಲಿ ಎಷ್ಟು?’ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಮೊದಲನೆಯದಕ್ಕೆ 420 ಅಂತ ಸರಿಯಾಗಿ ಬರೆದು ಎರಡನೆಯದನ್ನು ಖಾಲಿ ಬಿಟ್ಟಿದ್ದರು. ಶೇಂಗಾ ಬೆಳೆಯುವ ಮನೆಯ ಮಕ್ಕಳು ಇವರು. ಮೇಷ್ಟ್ರು ಹಾಳೆಗಳನ್ನು ತಿರುವಿ ತಿರುವಿ ನೋಡಿದರು. ‘ಇವರಿಗೆ ಲೆಕ್ಕ ಬರುತ್ತೆ, ಓದೋಕೆ ಬರಲ್ಲ’ ಅಂದರು. ‘ಏನು ಮಾಡೋಣ, ನೀವೇ ಹೇಳಿ’ ಅಂದೆ. ದಿನಾ ಪ್ರಾರ್ಥನೆ ಮುಗಿದ ಮೇಲೆ ಅರ್ಧ ಗಂಟೆ ಓದಿಸುವ ಕೆಲಸವನ್ನು ಅವರೇ ಕೇಳಿ ತೆಗೆದುಕೊಂಡರು. ಅನುದಾನದಲ್ಲಿ ಹತ್ತು ಹನ್ನೆರಡು ಸಾವಿರವನ್ನು ಮೊದಲೇ ಪುಸ್ತಕಕ್ಕೆ ಎತ್ತಿಟ್ಟೆ. ಆ ಒಂದು ವಿಷಯವನ್ನು ನಾನು ಸಭೆಗೆ ಇಡಲೇ ಇಲ್ಲ.

ಪ್ರತಿಯೊಬ್ಬರ ಅಂಕಿಯನ್ನು ಅವರ ಬಾಯಿಂದಲೇ ಹೇಳಿಸುವುದಕ್ಕೆ ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಶಾಲೆಗೆ ಬಂದರೆ ತೋರಿಸುತ್ತೇನೆ.

ಅತಿಥಿ ಶಿಕ್ಷಕಿಯ ವಿಷಯಕ್ಕೆ ಬರೋಣ, ಯಾಕೆಂದರೆ ಅಲ್ಲಿ ಈ ಹಾಳೆ ಸಾಲಲಿಲ್ಲ. ಇಂಗ್ಲಿಷ್‌ನಲ್ಲಿ ಅವರಿಗೆ 4 ಕೊಟ್ಟಿದ್ದೆ, ಆದರೂ ವಾರಕ್ಕೆ ಎರಡು ದಿನ ತಡ. ಗೌರವಧನ ಆಗ ತಿಂಗಳಿಗೆ 10,000, ಅದೂ ಮೂರ್ನಾಲ್ಕು ತಿಂಗಳು ತಡವಾಗಿ ಬರುತ್ತಿತ್ತು. ರಾಬರ್ಟ್ ಹೌಸ್ 1971ರಲ್ಲಿ ಹೇಳಿದ ಪಥ-ಗುರಿ ಸಿದ್ಧಾಂತ ಇಲ್ಲಿ ಕೆಲಸಕ್ಕೆ ಬಂತು. ದಾರಿಯಲ್ಲಿರುವ ಕಲ್ಲು ತೆಗೆ, ಅಷ್ಟೇ. ಕಲ್ಲು ಯಾವುದು ಅಂತ ಕೇಳಿದರೆ ಬಸ್ಸು! ಮೊದಲ ಪೀರಿಯಡ್ ಹಿಡಿಯಬೇಕೆಂದರೆ ಖಾಸಗಿ ಬಸ್ಸಿಗೆ ದುಡ್ಡು ಕೊಟ್ಟು ಬರಬೇಕು. ಶಕ್ತಿ ಯೋಜನೆಯಲ್ಲಿ ಪುಕ್ಕಟೆ ಬರಬಹುದಾದ ಸರ್ಕಾರಿ ಬಸ್ಸು ಅರ್ಧ ಗಂಟೆ ತಡ. ವೇಳಾಪಟ್ಟಿಯಲ್ಲಿ ಅವರ ಮೊದಲ ಪೀರಿಯಡ್ ತೆಗೆದು ಕೊನೆಗೆ ಹಾಕಿದೆ. ಅವರಿಗೆ ತಿಂಗಳಿಗೆ ಸಾವಿರದ ಹತ್ತಿರ ಉಳಿಯಿತು, ತಡವಾಗುವುದೂ ನಿಂತಿತು. ಒಂದು ರೂಪಾಯಿ ಖರ್ಚಿಲ್ಲ. ಗೌರವಧನ ಮಾತ್ರ ಇನ್ನೂ ತಡವಾಗಿಯೇ ಬರುತ್ತದೆ. ಅದು ಸರಿಯಾಗದೆ ಅವರಿಂದ ಇನ್ನೂ ಹೆಚ್ಚು ಕೇಳುವುದು ನ್ಯಾಯವಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊಟ್ಟೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. 2024ರಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಬಂತು. ಒಂದಕ್ಕೆ 6 ರೂಪಾಯಿ, ಬೇಯಿಸಿ ಸುಲಿಯುವ ಖರ್ಚೂ ಅದರಲ್ಲೇ. ನಾನೇ ಪೇಟೆಯಿಂದ ತರುತ್ತಿದ್ದಾಗ ತಿಂಗಳಿಗೆ ಎರಡು, ಎರಡೂವರೆ ಸಾವಿರ ಕೈಯಿಂದ ಹೋಗುತ್ತಿತ್ತು. ವ್ಯಾಪಾರ ಗೊತ್ತಿರುವ ಒಬ್ಬ ಕಿರಿಯ ಶಿಕ್ಷಕರಿಗೆ ಆ ಮನೆಯಲ್ಲಿ 4 ಹಾಕಿ ಪೂರ್ತಿ ಬಿಟ್ಟೆ. ಎಲ್ಲಿಂದ ತಂದೆ, ಎಷ್ಟಕ್ಕೆ ತಂದೆ ಅಂತ ದಿನಾ ಕೇಳಲಿಲ್ಲ, ತಿಂಗಳ ಕೊನೆಗೆ ಪುಸ್ತಕ ನೋಡುತ್ತೇನೆ. ಅವರು ನೇರವಾಗಿ ಕೋಳಿ ಫಾರಂ ಹಿಡಿದರು. ಈಗ ಕೈಯಿಂದ ಹೋಗುವುದು ಸಾವಿರದ ಒಳಗೆ. ಇದೇ ಶಿಕ್ಷಕರಿಗೆ ಓದಿಸುವ ಕೆಲಸದಲ್ಲಿ ಇನ್ನೂ 2 ಇದೆ, ಅದರಿಂದ ಅವರಿಗೆ ಅವಮಾನ ಆಗಿಲ್ಲ.

ನಡುವೆ ಒಂದು ಚಿಕ್ಕ ಪ್ರಯೋಗವನ್ನೂ ಮಾಡಿದೆ. 1939ರಲ್ಲಿ ಲೆವಿನ್, ಲಿಪಿಟ್, ವೈಟ್ ಪ್ರಕಟಿಸಿದ ಹುಡುಗರ ಗುಂಪಿನ ಅಧ್ಯಯನ ನೆನಪಿದೆಯಲ್ಲ. ಸರ್ವಾಧಿಕಾರಿ ನಾಯಕ ಕೋಣೆ ಬಿಟ್ಟು ಹೋದರೆ ಕೆಲಸ ಕುಸಿಯುತ್ತಿತ್ತು, ಪ್ರಜಾಸತ್ತಾತ್ಮಕ ಗುಂಪಿನಲ್ಲಿ ಹೆಚ್ಚೂಕಡಿಮೆ ಹಾಗೇ ನಡೆಯುತ್ತಿತ್ತು. ಮೂವರು ಶಿಕ್ಷಕರು ತರಬೇತಿಗೆ ಹೋದ ದಿನ ನಾನು ವರಾಂಡದಲ್ಲಿ ನಿಂತು ನೋಡಿದೆ. ತುಂಬಾ ಶಿಸ್ತಿನ ಮೇಷ್ಟ್ರ ಏಳನೇ ತರಗತಿ ಐದು ನಿಮಿಷಕ್ಕೇ ಸಂತೆ. ಮಕ್ಕಳ ಜೊತೆ ಮಾತಾಡಿ ಕೆಲಸ ಹಂಚುವ ಮೇಡಂ ಅವರ ಆರನೇ ತರಗತಿ ಅರ್ಧ ಪೀರಿಯಡ್ ತಡೆಯಿತು. ಬೆಲ್ ಹೊಡೆಯುವವರೆಗೂ ನಡೆದದ್ದು ನಲಿ-ಕಲಿ ಕೋಣೆ. ಆರೇಳು ವರ್ಷದ ಮಕ್ಕಳು! ಒಬ್ಬಳು ಎದ್ದು ಗೋಡೆಯ ಕಲಿಕಾ ಏಣಿ (ಕಲಿಯುವ ಹಂತಗಳನ್ನು ಒಂದರ ಮೇಲೊಂದು ತೋರಿಸುವ ಪಟ) ನೋಡಿ, ತನ್ನ ಮೈಲುಗಲ್ಲಿನ ಮೇಲೆ ಬೆರಳಿಟ್ಟು, ಮುಂದಿನ ಕಾರ್ಡ್ ತೆಗೆದುಕೊಂಡು ಬಂದು ಕೂತಳು. ಯಾರೂ ಹೇಳಿರಲಿಲ್ಲ. ಕೆರ್ ಮತ್ತು ಜೆರ್ಮಿಯರ್ 1978ರಲ್ಲಿ ನಾಯಕತ್ವಕ್ಕೆ ಬದಲಿಗಳು ಅಂತ ಹೇಳಿದ್ದು ಇದನ್ನೇ. ಕೆಲಸದ ದಾರಿಯೇ ಸ್ಪಷ್ಟವಾಗಿದ್ದರೆ ನಾಯಕ ಬಾಗಿಲಲ್ಲಿ ನಿಲ್ಲಬೇಕಿಲ್ಲ.

ಮರುವಾರವೇ ಆಫೀಸ್ ಗೋಡೆಗೂ ಏಣಿ ಬಂತು. ಸ್ಯಾಟ್ಸ್ ನಮೂದಿಗೆ ಒಂದು, ಬಿಸಿಯೂಟದ ಲೆಕ್ಕಕ್ಕೆ ಒಂದು, ಟಿ.ಸಿ. ಕೊಡುವುದಕ್ಕೆ ಒಂದು. ಪ್ರತಿ ಏಣಿಗೂ ಆರೇಳು ಮೆಟ್ಟಿಲು, ದಪ್ಪ ಅಕ್ಷರದಲ್ಲಿ. 1 ಇದ್ದ ಮನೆಗಳು 3ಕ್ಕೆ ಬೇಗ ಏರಿದ್ದು ಇದರಿಂದ. ನನಗೆ ದಿನಕ್ಕೆ ಒಂದು ಗಂಟೆ ಉಳಿಯಿತು. ಆ ಗಂಟೆಯನ್ನು ಐದನೇ ತರಗತಿಗೆ ಕೊಟ್ಟೆ. ಕಳೆದ ವರ್ಷ ಅಲ್ಲಿ 27 ಮಕ್ಕಳು, 21 ಮಂದಿ ಸರಾಗವಾಗಿ ಓದಿದರು. ನಮ್ಮ ಕ್ಲಸ್ಟರ್‌ನಲ್ಲಿ ಇಷ್ಟು ಏರಿಕೆ ಇನ್ನೊಂದು ಶಾಲೆಯಲ್ಲಿ ನಾನು ನೋಡಿಲ್ಲ. ನಾಯಕನಹಟ್ಟಿ ಜಾತ್ರೆಯ ವಾರ ಹಾಜರಾತಿ ಬೀಳುವುದನ್ನು ಮಾತ್ರ ಇನ್ನೂ ತಡೆಯಲಾಗಿಲ್ಲ. ಅದಕ್ಕೆ ಎಸ್‌ಡಿಎಂಸಿಯವರ ಹೆಸರನ್ನೂ ಹಾಳೆಗೆ ಸೇರಿಸಿ ನೋಡುತ್ತಿದ್ದೇನೆ.

ಮಾಡಿ ನೋಡುವವರಿಗೆ ಇನ್ನೊಂದು ವಿಷಯ. ವರ್ಗಾವಣೆಯಾಗಿ ಹೊಸಬರು ಬಂದಾಗ ಅವರ ಸಾಲಿಗೆಲ್ಲ 1 ಹಾಕಬೇಡಿ, 2ರಿಂದ ಶುರು ಮಾಡಿ. ಅವರು ಹಿಂದಿನ ಶಾಲೆಯಲ್ಲಿ ಏನೇನು ಕಲಿತಿದ್ದಾರೋ ನಮಗೆ ಗೊತ್ತಿರುವುದಿಲ್ಲ. 2 ಹಾಕಿದರೆ ಯಾಕೆ ಅಂತ ವಿವರಿಸುತ್ತಾ ಮಾತು ಬೆಳೆಯುತ್ತದೆ, ಆ ಮಾತಿನಲ್ಲೇ ಅವರಿಗೆ ಏನು ಬರುತ್ತದೆ ಅಂತ ತಿಳಿಯುತ್ತದೆ. ನಮ್ಮ ಶಾಲೆಗೆ ಮುಂದಿನ ಜೂನ್‌ನಲ್ಲಿ ಇಬ್ಬರು ಬರುವವರಿದ್ದಾರೆ. ಅವರ ಹೆಸರಿಗೆ ಎರಡು ಸಾಲು ಖಾಲಿ ಬಿಟ್ಟು ಹೊಸ ಹಾಳೆ ಗೆರೆ ಎಳೆದು ಇಟ್ಟಿದ್ದೇನೆ.