ಕಾರ್ಖಾನೆಯಲ್ಲಿ ನೀರು, ಕರೆಂಟು ಉಳಿಸಬೇಕೇ? ಮೊದಲು ಕೆಲಸಗಾರರನ್ನು ಕೇಳಿ

ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್, ಮಾಲೂರು ಕಡೆಯ ಕಾರ್ಖಾನೆಗಳಲ್ಲಿ ಈಗ ಪರಿಸರದ ಗುರಿಗಳ ಮಾತು ಜಾಸ್ತಿಯಾಗಿದೆ. ಮಾರುಕಟ್ಟೆ ಮೌಲ್ಯದಲ್ಲಿ ಷೇರುಪೇಟೆಯ ಮೊದಲ 1,000 ಕಂಪನಿಗಳು ನೀರು, ವಿದ್ಯುತ್, ಕಸದ ಲೆಕ್ಕವನ್ನು ಪ್ರತಿವರ್ಷ ಕೊಡಲೇಬೇಕು ಎಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2022–23ರಿಂದ ಕಡ್ಡಾಯ ಮಾಡಿದೆ. ಹಾಗಾಗಿ ದೊಡ್ಡ ಕಂಪನಿಗಳು ತಮಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಘಟಕಗಳ ಹತ್ತಿರವೂ ಲೆಕ್ಕ ಕೇಳುತ್ತವೆ. ಗುರಿ ಬರೆಯುವವರು ಆಫೀಸಿನಲ್ಲಿ ಇರುತ್ತಾರೆ. ನಲ್ಲಿ, ಸ್ವಿಚ್ಚು, ವಾಲ್ವ್ ಇರುವುದು ಶಿಫ್ಟಿನವರ ಕೈಯಲ್ಲಿ.

ಮುಳಬಾಗಿಲು, ಬಂಗಾರಪೇಟೆ, ಶ್ರೀನಿವಾಸಪುರದ ಹಳ್ಳಿಗಳಿಂದ ಕಂಪನಿ ಬಸ್ಸಿನಲ್ಲಿ ಬರುವವರಿಗೆ ನೀರಿನ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಸಾವಿರ ಅಡಿ ಕೊರೆಸಿದರೂ ಬರೀ ಧೂಳು ಎದ್ದ ಬೋರ್‌ವೆಲ್ ಅವರ ಊರಲ್ಲೇ ಇರುತ್ತದೆ. ಟೊಮೆಟೊ ಸಾಲಿಗೆ ಡ್ರಿಪ್ ಪೈಪ್ ಎಳೆದು ಬೆಳೆದವರು ಅವರು. ಅಷ್ಟೊಂದು ತಿಳಿವಳಿಕೆ ಗೇಟಿನ ಹೊರಗೇ ಉಳಿದುಬಿಡುತ್ತದಲ್ವಾ? ಅದನ್ನು ಒಳಗೆ ಕರೆದುಕೊಳ್ಳುವುದು ಹೀಗೆ.

1. ಗುರಿಯನ್ನು ಟ್ಯಾಂಕರ್ ಲೆಕ್ಕದಲ್ಲಿ ಹೇಳಿ

'2030ರೊಳಗೆ ನೀರಿನ ಬಳಕೆ ಶೇ 20ರಷ್ಟು ಇಳಿಕೆ' ಎಂದು ಬೋರ್ಡ್ ಹಾಕಿದರೆ ಯಾರಿಗೂ ತಟ್ಟುವುದಿಲ್ಲ. ನಿಮ್ಮ ಘಟಕಕ್ಕೆ ದಿನಕ್ಕೆ 50,000 ಲೀಟರ್ ಬೇಕು ಅಂದುಕೊಳ್ಳಿ. ಅದರಲ್ಲಿ ಶೇ 20 ಅಂದರೆ 10,000 ಲೀಟರ್. ಟ್ರ್ಯಾಕ್ಟರ್ ಟ್ಯಾಂಕರ್ 5,000 ಲೀಟರಿನದಾದರೆ ದಿನಕ್ಕೆ ಎರಡು ಟ್ಯಾಂಕರ್. 'ನಾವು ದಿನಕ್ಕೆ ಎರಡು ಟ್ಯಾಂಕರ್ ಉಳಿಸಬೇಕು' ಎಂದರೆ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಅಕ್ಕನಿಗೂ ಕೂಡಲೇ ಅರ್ಥವಾಗುತ್ತದೆ. ಆಮೇಲೆ ಅದನ್ನು ವಿಭಾಗಕ್ಕೆ ತಕ್ಕಂತೆ ಹಂಚಿ. ಪೇಂಟ್ ಶಾಪಿಗೆ ಒಂದು ಗುರಿ, ಕ್ಯಾಂಟೀನಿಗೆ ಇನ್ನೊಂದು.

2. ಜೊತೆಗೆ ನಡೆದು ನೋಡಿ

ಸಲಹೆ ಪೆಟ್ಟಿಗೆ ಇಟ್ಟು ಸುಮ್ನೆ ಕೂತರೆ ಚೀಟಿ ಬೀಳುವುದಿಲ್ಲ. ವಾರಕ್ಕೊಮ್ಮೆ ಮೇಲ್ವಿಚಾರಕರು, ಇಬ್ಬರು ಆಪರೇಟರ್‌ಗಳು, ಮೆಂಟೆನೆನ್ಸ್‌ನವರು, ಹೌಸ್‌ಕೀಪಿಂಗ್‌ನವರು ಒಟ್ಟಿಗೆ ಒಂದು ಸುತ್ತು ಹಾಕಿ. ಗುತ್ತಿಗೆ ಕೆಲಸಗಾರರನ್ನು ಬಿಡಲೇಬೇಡಿ. ಎಷ್ಟೋ ಕಡೆ ಕೆಲಸದ ಹೆಚ್ಚಿನ ಪಾಲು ಮಾಡುವವರು ಅವರೇ.

ಈ ಸುತ್ತಿಗೆ ಒಳ್ಳೆಯ ಹೊತ್ತು ಅಂದರೆ ಯಂತ್ರಗಳು ನಿಂತಿರುವಾಗ, ಗಾಳಿಯನ್ನು ಒತ್ತಿ ಪೈಪಿಗೆ ಕಳಿಸುವ ಕಂಪ್ರೆಸರ್ ಮಾತ್ರ ಓಡುತ್ತಿರುವಾಗ. ಸದ್ದು ಅಡಗಿದ ಮೇಲೆ ಗಾಳಿ ಸೋರುವ ಜಾಗ ಬುಸ್ಸೆಂದು ಕೇಳಿಸುತ್ತದೆ. ಕಿವಿಗೆ ಗೊತ್ತಾಗದಿದ್ದರೆ ಜಾಯಿಂಟಿಗೆ ಸೋಪಿನ ನೀರು ಸವರಿ, ಗುಳ್ಳೆ ಏಳುತ್ತದೆ. ಅಲ್ಲಿಗೆ ಕೆಂಪು ಟ್ಯಾಗ್ ಕಟ್ಟಿ, ದಿನಾಂಕ ಬರೆಯಿರಿ, ಕಂಡುಹಿಡಿದವರ ಹೆಸರೂ ಬರೆಯಿರಿ. 7 ಬಾರ್ ಒತ್ತಡದಲ್ಲಿ 3 ಮಿ.ಮೀ. ತೂತೊಂದು ಸುಮಾರು 3 ಕಿಲೋವ್ಯಾಟ್ ತಿನ್ನುತ್ತದೆ. ಕಂಪ್ರೆಸರ್ ಹಗಲು ರಾತ್ರಿ ಓಡಿದರೆ ದಿನಕ್ಕೆ ಸುಮಾರು 70 ಯೂನಿಟ್. ಹಳ್ಳಿಯ ಸಣ್ಣ ಮನೆಗೆ ಒಂದು ತಿಂಗಳಿಗೆ ಸಾಕಾಗುವ ಕರೆಂಟು ಅದು. ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಲ್ಲಿಯನ್ನೂ ಬರೆದುಕೊಳ್ಳಿ, ದಿನಕ್ಕೆ ಸುಮಾರು 20 ಲೀಟರ್ ಹೋಗುತ್ತದೆ.

3. ಹೇಳಿದ್ದಕ್ಕೆ ವಾರದೊಳಗೆ ಉತ್ತರ ಕೊಡಿ

ನನ್ನ ಪ್ರಕಾರ ಇಡೀ ಕೆಲಸ ಗೆಲ್ಲುವುದು, ಸೋಲುವುದು ಇಲ್ಲೇ. ಆಪರೇಟರ್ ಒಬ್ಬರು 'ಸಾರ್, ಈ ವಾಲ್ವ್ ಸೋರ್ತಿದೆ' ಅಂದಿರುತ್ತಾರೆ. ತಿಂಗಳಾದರೂ ಅದು ಹಾಗೇ ಸೋರುತ್ತಿದ್ದರೆ ಆಮೇಲೆ ಅವರು ಬಾಯಿ ಬಿಡುವುದಿಲ್ಲ. ಪಕ್ಕದಲ್ಲಿ ನಿಂತವರೂ ಬಿಡುವುದಿಲ್ಲ. ಅದಕ್ಕೇ ಅಭಿಯಾನ ಶುರು ಮಾಡುವ ಮೊದಲೇ ವಾಷರ್, ಹೋಸ್, ಕ್ಲಾಂಪ್‌ಗಳನ್ನು ತಂದಿಟ್ಟುಕೊಳ್ಳಿ. ಸಣ್ಣ ರಿಪೇರಿಗೆ ಮೇಲಿನವರ ಸಹಿ ಕಾಯದಂತೆ ಮೇಲ್ವಿಚಾರಕರ ಕೈಗೇ ಒಂದಿಷ್ಟು ಹಣ ಕೊಡಿ. ಆಗದ ಸಲಹೆಯಾದರೆ 'ಇಂಥ ಕಾರಣಕ್ಕೆ ಈಗ ಆಗಲ್ಲ' ಎಂದು ಹೇಳಿದವರ ಹತ್ತಿರವೇ ಹೋಗಿ ತಿಳಿಸಿ. ಕಾರಣ ಕೇಳಿದವರು ಮುನಿಸಿಕೊಳ್ಳುವುದಿಲ್ಲ. ಉತ್ತರವೇ ಬರದಿದ್ದರೆ ಮುನಿಸಿಕೊಳ್ಳುತ್ತಾರೆ, ಅದು ನ್ಯಾಯವೇ.

4. ಮೀಟರ್ ಎಲ್ಲರಿಗೂ ಕಾಣಲಿ

ವಿಭಾಗಕ್ಕೊಂದು ನೀರಿನ ಮೀಟರ್ ಹಾಕಿಸಿ. ವಾರದ ಅಂಕಿಯನ್ನು ಕ್ಯಾಂಟೀನಿನ ಬಾಗಿಲ ಬಳಿ ಕನ್ನಡದಲ್ಲಿ ಬರೆಯಿರಿ. ಬರೆಯುವ ಕೆಲಸ ಸರದಿಯ ಮೇಲೆ ಕೆಲಸಗಾರರದ್ದೇ ಆಗಿರಲಿ. ಉತ್ಪಾದನೆ ಹೆಚ್ಚಿದ ವಾರ ನೀರೂ ಹೆಚ್ಚು ಬೇಕು. ಆದ್ದರಿಂದ ಒಂದು ಬಿಡಿಭಾಗಕ್ಕೆ ಎಷ್ಟು ಲೀಟರ್ ಎಂದು ಲೆಕ್ಕ ಹಾಕಿ.

ಒಂದು ಎಚ್ಚರಿಕೆ. ಕುಡಿಯುವ ನೀರು, ಶೌಚಾಲಯದ ನೀರು ಈ ಉಳಿತಾಯದ ಲೆಕ್ಕದೊಳಗೆ ಬರಲೇಬಾರದು. ಅಂಕಿ ಇಳಿಸಲು ಶೌಚಾಲಯದ ನೀರು ನಿಲ್ಲಿಸಿದರೆ ಮೊದಲು ಕಷ್ಟಪಡುವವರು ಹೆಣ್ಣುಮಕ್ಕಳು. ನೀರು ಉಳಿಸಬೇಕಾದದ್ದು ಪೈಪಿನಲ್ಲಿ, ಕೂಲಿಂಗ್ ಟವರ್‌ನಲ್ಲಿ, ತೊಳೆಯುವ ತೊಟ್ಟಿಯಲ್ಲಿ.

5. ಉಳಿತಾಯದಲ್ಲಿ ಪಾಲು ಕೊಡಿ, ಭಾನುವಾರ ಕರೆಸಬೇಡಿ

ಕರೆಂಟ್ ಬಿಲ್ ಇಳಿದರೆ ಅದರಲ್ಲೊಂದು ಪಾಲು ಕೆಲಸಗಾರರಿಗೆ ಸೇರಲಿ. ಸಭೆ, ತರಬೇತಿ, ಸುತ್ತು ಎಲ್ಲವೂ ಸಂಬಳದ ಹೊತ್ತಿನಲ್ಲೇ ನಡೆಯಲಿ.

ಜೂನ್ 5ರ ವಿಶ್ವ ಪರಿಸರ ದಿನಕ್ಕೆ ಗಿಡ ನೆಟ್ಟು ಫೋಟೊ ತೆಗೆಸುವ ರೂಢಿ ಎಲ್ಲ ಕಡೆ ಇದೆ. ನಮ್ಮ ಜಿಲ್ಲೆಗೆ ಮಳೆ ಚೆನ್ನಾಗಿ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಜೂನಿನಲ್ಲಿ ನೆಟ್ಟ ಗಿಡಕ್ಕೆ ಟ್ಯಾಂಕರ್ ನೀರೇ ಗತಿ. ನೆಡುವುದಾದರೆ ಮಳೆ ಹಿಡಿದ ಮೇಲೆ ನೆಡಿ. ಕೆರೆಗೆ ಕೈಜೋಡಿಸುವ ಮನಸ್ಸಿದ್ದರೆ ಗ್ರಾಮ ಪಂಚಾಯಿತಿ ಜೊತೆ ಮಾತಾಡಿ ಕೆರೆಗೆ ನೀರು ತರುವ ಕಾಲುವೆಯ ಹೂಳು, ಜಾಲಿ ತೆಗೆಸಿ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಅದು ಅಂತರ್ಜಲ ಹೆಚ್ಚಿಸುವುದಕ್ಕೆಂದು ಬಿಟ್ಟ ನೀರು, ಕುಡಿಯುವುದಕ್ಕಲ್ಲ. ಅಂಥ ಕೆರೆಯಾದರೆ ಕೆಲಸಕ್ಕೆ ಇಳಿಯುವವರಿಗೆ ಇದನ್ನು ಮೊದಲೇ ಹೇಳಿ, ಗಂಬೂಟು, ಕೈಗವಸು ಕೊಡಿ.

6. ಹೊಸಬರಿಗೆ ಮೊದಲ ದಿನವೇ ತೋರಿಸಿ

ಗುತ್ತಿಗೆಯವರು ಕೆಲವೇ ತಿಂಗಳಲ್ಲಿ ಬದಲಾಗುತ್ತಾರೆ. ಹೊಸ ತಂಡ ಬಂದ ದಿನ ಸುರಕ್ಷತೆಯ ಪಾಠದ ಜೊತೆಗೇ ಹತ್ತು ನಿಮಿಷ ಇಡಿ. ಮೀಟರ್ ಎಲ್ಲಿದೆ, ಕೆಂಪು ಟ್ಯಾಗ್ ಎಲ್ಲಿ ಸಿಗುತ್ತದೆ, ರಾತ್ರಿ ಪಾಳಿಯಲ್ಲಿ ಸೋರಿಕೆ ಕಂಡರೆ ಯಾರಿಗೆ ಫೋನ್ ಮಾಡಬೇಕು, ಇಷ್ಟನ್ನು ಹಳೆಯ ಆಪರೇಟರ್ ಒಬ್ಬರಿಂದಲೇ ಹೇಳಿಸಿ.