ಮಾಸ್ ಎಫೆಕ್ಟ್ 3ರ ಅಂತ್ಯಗಳನ್ನು ಹೋಲಿಸುವ ಬಗೆ

ಗ್ಯಾಲಕ್ಸಿಯ ನಾಗರಿಕತೆಗಳನ್ನು ಅಳಿಸಲು ಬಂದ ರೀಪರ್ ಎಂಬ ಯಂತ್ರಗಳ ವಿರುದ್ಧ ಶೆಪರ್ಡ್ ಎಂಬ ಸೇನಾನಿಯಾಗಿ ಹೋರಾಡುವ ಮಾಸ್ ಎಫೆಕ್ಟ್ 3 ವಿಡಿಯೊ ಆಟವನ್ನು ಒಮ್ಮೆ ಮುಗಿಸಿದವರು ಉಳಿದ ಅಂತ್ಯಗಳನ್ನು ಯೂಟ್ಯೂಬಿನಲ್ಲಿ ಒಂದರ ಹಿಂದೆ ಒಂದರಂತೆ ನೋಡಿ, ಬಣ್ಣವೊಂದು ಬಿಟ್ಟರೆ ಎಲ್ಲವೂ ಒಂದೇ ಎಂದು ತೀರ್ಪು ಕೊಟ್ಟುಬಿಡುವುದುಂಟು. ದಾವಣಗೆರೆಯ ವಿದ್ಯಾನಗರದ ಮಹಡಿ ಕೋಣೆಯೊಂದರಲ್ಲಿ ಭಾನುವಾರಗಳಂದು ಸೇರುವ ನಾವು ಮೂವರು ಗೆಳೆಯರೂ ಮೊದಲು ಹಾಗೆಯೇ ಹೇಳುತ್ತಿದ್ದೆವು. ಮೂವರೂ ಆರಿಸಿಕೊಂಡದ್ದು ಕೆಂಪು ಅಂತ್ಯವನ್ನೇ, ಅಂದರೆ ರೀಪರ್‌ಗಳ ನಾಶವನ್ನೇ, ಆದರೂ ಒಬ್ಬೊಬ್ಬರು ತೆತ್ತ ಬೆಲೆ ಒಂದೊಂದು ಬಗೆಯದೆಂದು ತಿಳಿದ ದಿನ ಆ ಮಾತು ನಿಂತಿತು. ಅಲ್ಲಿಂದೀಚೆಗೆ ನಾವು ಅನುಸರಿಸುತ್ತಿರುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಆಟವನ್ನು ಇನ್ನೂ ಮುಗಿಸದವರು ಮುಂದೆ ಓದದಿರುವುದು ಒಳ್ಳೆಯದು.

ಮೊದಲು ಮಾಡಬೇಕಾದದ್ದು, ಎಲ್ಲರೂ ಒಂದೇ ಆವೃತ್ತಿಯ ಬಗ್ಗೆ ಮಾತನಾಡುತ್ತಿದ್ದೇವೆಯೇ ಎಂದು ಖಚಿತಪಡಿಸಿಕೊಳ್ಳುವುದು. ಬಯೋವೇರ್ ಈ ಆಟವನ್ನು 2012ರ ಮಾರ್ಚ್‌ನಲ್ಲಿ ಬಿಡುಗಡೆ ಮಾಡಿತು. ಅಂತ್ಯದ ಬಗ್ಗೆ ಆಟಗಾರರಿಂದ ಭಾರಿ ಆಕ್ಷೇಪ ಬಂದ ಮೇಲೆ ಅದೇ ವರ್ಷದ ಜೂನ್‌ನಲ್ಲಿ 'ಎಕ್ಸ್‌ಟೆಂಡೆಡ್ ಕಟ್' ಎಂಬ ಉಚಿತ ಸೇರ್ಪಡೆಯನ್ನು ಕೊಟ್ಟಿತು. ನಕ್ಷತ್ರದಿಂದ ನಕ್ಷತ್ರಕ್ಕೆ ದಾಟಿಸುವ ಮಾಸ್ ರಿಲೇಗಳು ಮೂಲ ಆವೃತ್ತಿಯಲ್ಲಿ ಛಿದ್ರವಾಗಿಯೇ ಹೋದಂತೆ ಕಂಡರೆ, ಸೇರ್ಪಡೆಯಲ್ಲಿ ಅವು ದುರಸ್ತಿಗೆ ಒದಗುವಂತೆ ಉಳಿಯುತ್ತವೆ. ಈ ಒಂದು ವ್ಯತ್ಯಾಸದಿಂದಲೇ ಇಡೀ ನಾಗರಿಕತೆಯ ಭವಿಷ್ಯ ಬದಲಾಗುವುದರಿಂದ, ಹಳೆಯ ಲೇಖನವೊಂದನ್ನು ಮುಂದಿಟ್ಟುಕೊಂಡು ಆ ಸೇರ್ಪಡೆಯನ್ನೂ ಒಳಗೊಂಡ 2021ರ ಲೆಜೆಂಡರಿ ಎಡಿಷನ್ ಆಡಿದವರೊಡನೆ ವಾದಕ್ಕಿಳಿದರೆ ವಾದ ಎಲ್ಲಿಗೂ ಮುಟ್ಟುವುದಿಲ್ಲ. ಕೊನೆಯ ಯುದ್ಧಕ್ಕಾಗಿ ಆಟಗಾರ ಒಟ್ಟುಗೂಡಿಸುವ ಸೈನ್ಯಬಲದ ಅಂಕಿಗಳ ಕಥೆಯೂ ಹಾಗೆಯೇ. ಲೆಜೆಂಡರಿ ಎಡಿಷನ್‌ನಲ್ಲಿ ಆ ಅಂಕಿಗಳನ್ನು ಏರಿಸುತ್ತಿದ್ದ ಮಲ್ಟಿಪ್ಲೇಯರ್ ಇಲ್ಲದ ಕಾರಣ ಹಳೆಯ ಲೆಕ್ಕಾಚಾರ ಅಲ್ಲಿಗೆ ಹೊಂದುವುದಿಲ್ಲ.

ಎರಡನೆಯದಾಗಿ ಸೇವ್ ಫೈಲುಗಳು. ಸರ್ಬರಸ್ ಎಂಬ ಶತ್ರು ಸಂಘಟನೆಯ ನೆಲೆಯ ಮೇಲೆ ದಾಳಿಗೆ ಹೊರಡುವ ಮೊದಲು ಒಂದು ಸೇವ್ ಇಟ್ಟುಕೊಳ್ಳಬೇಕು. ಆಮೇಲೆ ಹಿಂದಿರುಗುವ ದಾರಿಯಿಲ್ಲ. ಅದಕ್ಕಿಂತ ಮುಖ್ಯವಾದದ್ದು ರಾನೋಕ್ ಗ್ರಹದ ಘಟ್ಟಕ್ಕೆ ಮುಂಚಿನ ಸೇವ್, ಅದು ಏಕೆಂಬುದು ಮುಂದೆ ತಿಳಿಯುತ್ತದೆ. ಬೇಸಿಗೆಯಲ್ಲಿ ಕರೆಂಟ್ ಯಾವ ಗಳಿಗೆಯಲ್ಲಿ ಹೋಗುತ್ತದೆಂದು ಹೇಳಲಾಗದ ನಮ್ಮಂಥವರು ಇವೆರಡನ್ನೂ ಪೆನ್ ಡ್ರೈವ್‌ಗೆ ನಕಲು ಮಾಡಿಟ್ಟುಕೊಳ್ಳುವುದು ಕ್ಷೇಮ.

ಇನ್ನು ಹೋಲಿಕೆಯ ಪಟ್ಟಿ. ಯಾರು ಸತ್ತರು, ಯಾರು ಉಳಿದರು ಎಂದು ಬರೆಯತೊಡಗುವ ಮುನ್ನ, ಎಲ್ಲ ದಾರಿಗಳಲ್ಲೂ ಸಾಯುವವರನ್ನು ಪಟ್ಟಿಯಿಂದ ತೆಗೆದುಹಾಕಿ. ರಾನೋಕ್‌ನಲ್ಲಿ ಏನೇ ಮಾಡಿದರೂ ಗೆಥ್ ಎಂಬ ಯಂತ್ರಜೀವಿಗಳಲ್ಲೊಬ್ಬನಾದ ಲೀಜನ್ ಉಳಿಯುವುದಿಲ್ಲ. ಕಡೆಯ ಘಳಿಗೆಯಲ್ಲಿ ಶೆಪರ್ಡ್‌ನ ಹಿರಿಯ ಅಧಿಕಾರಿ ಆ್ಯಂಡರ್ಸನ್ ಕೂಡ ಬದುಕುವುದಿಲ್ಲ. ಇವು ದುಃಖದ ಸಂಗತಿಗಳೇ ಹೊರತು ಒಂದು ಅಂತ್ಯವನ್ನು ಇನ್ನೊಂದರಿಂದ ಬೇರ್ಪಡಿಸುವ ಸಂಗತಿಗಳಲ್ಲ. ಉಳಿಯುವುದು ಇಷ್ಟು: ನಾಶದ ಅಂತ್ಯದಲ್ಲಿ ರೀಪರ್‌ಗಳ ಜೊತೆಗೆ ಗೆಥ್ ಯಂತ್ರಜೀವಿಗಳೂ ಶೆಪರ್ಡ್‌ನ ನಾರ್ಮಂಡಿ ಹಡಗಿನ ಕೃತಕ ಬುದ್ಧಿಮತ್ತೆಯಾದ ಈಡಿಯೂ ಅಳಿಯುತ್ತಾರೆ. ನಿಯಂತ್ರಣದ ಅಂತ್ಯದಲ್ಲಿ ಶೆಪರ್ಡ್ ದೇಹವನ್ನು ಕಳೆದುಕೊಂಡು ರೀಪರ್‌ಗಳನ್ನು ಆಳುವ ಪ್ರಜ್ಞೆಯಾಗುತ್ತಾನೆ. ಸಂಯೋಜನೆಯ ಅಂತ್ಯದಲ್ಲಿ ಅವನು ತನ್ನನ್ನೇ ಬೆಳಕಿನ ಕಂಬಕ್ಕೆ ಒಪ್ಪಿಸಿಕೊಳ್ಳುತ್ತಾನೆ, ಸಕಲ ಜೀವಿಗಳೂ ಯಂತ್ರಗಳೂ ಒಂದೇ ಬಗೆಯ ಹೊಸ ಜೀವವಾಗುತ್ತವೆ.

ಈ ಪಟ್ಟಿ ಸಿದ್ಧವಾದ ಮೇಲೆಯೇ ನಿಜವಾದ ಕೆಲಸ ಆರಂಭ. ಪ್ರತಿಯೊಂದು ಅಂತ್ಯದ ಎದುರಿಗೂ 'ರಾನೋಕ್‌ನಲ್ಲಿ ಏನಾಗಿತ್ತು?' ಎಂಬ ಅಂಕಣವೊಂದನ್ನು ಸೇರಿಸಿ. ಅಲ್ಲಿ ಮುನ್ನೂರು ವರ್ಷಗಳ ಹಿಂದೆ ತಮ್ಮ ಸೃಷ್ಟಿಯಾದ ಗೆಥ್‌ಗಳಿಂದಲೇ ಮನೆ ಕಳೆದುಕೊಂಡ ಕ್ವೇರಿಯನ್ನರು ತಾಯ್ನೆಲಕ್ಕಾಗಿ ಮತ್ತೆ ಯುದ್ಧ ಹೂಡಿರುತ್ತಾರೆ, ತೀರ್ಮಾನ ಆಟಗಾರನ ಕೈಯಲ್ಲಿರುತ್ತದೆ. ನಮ್ಮ ಮೂವರಲ್ಲಿ ಒಬ್ಬ ಕ್ವೇರಿಯನ್ನರ ಪರ ನಿಂತಿದ್ದ. ಅವನ ಆಟದಲ್ಲಿ ಗೆಥ್‌ಗಳು ಆಗಲೇ ಅಳಿದಿದ್ದುದರಿಂದ ನಾಶದ ಅಂತ್ಯ ಅವನಿಂದ ಹೊಸದಾಗಿ ಕಸಿದದ್ದು ಈಡಿಯನ್ನು ಮಾತ್ರ. ನಾನು ಎರಡೂ ಕಡೆಯವರ ನಡುವೆ ರಾಜಿ ಮಾಡಿಸಿದ್ದೆ. ಕ್ವೇರಿಯನ್ನರು ಮತ್ತೆ ನೆಲೆಯೂರಲು ನೆರವಾಗುತ್ತಿದ್ದ ಅದೇ ಗೆಥ್‌ಗಳನ್ನು ಕೊನೆಯಲ್ಲಿ ನಾನೇ ಕೊಂದಂತಾಯಿತು. ಮೂರನೆಯವನು ಗೆಥ್‌ಗಳನ್ನು ಉಳಿಸಿ, ಕ್ವೇರಿಯನ್ ನೌಕಾದಳವನ್ನೂ ಆ ಜನಾಂಗದ ಸಂಗಾತಿ ಟಾಲಿಯನ್ನೂ ಕಳೆದುಕೊಂಡು, ಬಳಿಕ ಕೆಂಪನ್ನೇ ಆರಿಸಿದ್ದ. ಅವನ ಗ್ಯಾಲಕ್ಸಿಯಲ್ಲಿ ಎರಡು ಜನಾಂಗಗಳೂ ಇಲ್ಲವಾದವು. ಲೆಕ್ಕ ಮುಗಿಸಿದಾಗ ಅವನು ಬಹಳ ಹೊತ್ತು ಮಾತನಾಡಲಿಲ್ಲ. ಹೀಗಾಗಿ 'ನಾಶ' ಎಂಬ ಹೆಸರಿನಡಿ ಒಂದು ಸಾಲು ಸಾಲದು, ಮೂರು ಸಾಲು ಬೇಕು. ರಾಜಿಯ ದಾರಿ ಹಿಂದಿನ ಭಾಗದ ಸೇವ್ ತಂದವರಿಗೆ ಮಾತ್ರ ತೆರೆಯುವುದರಿಂದ, ಮೂರನೆಯ ಭಾಗದಿಂದಲೇ ಹೊಸದಾಗಿ ಆಡಿದವರ ಪಟ್ಟಿಯಲ್ಲಿ ಅದೊಂದು ಸಾಲು ಖಾಲಿ ಉಳಿಯುತ್ತದೆ.

ಮುಂದಿನ ಅಂಕಣ, ಕಥೆ ಹೇಳುವವರು ಯಾರು ಎಂಬುದು. ಎಕ್ಸ್‌ಟೆಂಡೆಡ್ ಕಟ್‌ನಲ್ಲಿ ನಾಶದ ಅಂತ್ಯವನ್ನು ಅಡ್ಮಿರಲ್ ಹ್ಯಾಕೆಟ್, ನಿಯಂತ್ರಣದ್ದನ್ನು ಶೆಪರ್ಡ್‌ನ ಹೊಸ ಪ್ರಜ್ಞೆ, ಸಂಯೋಜನೆಯದ್ದನ್ನು ಈಡಿ ನಿರೂಪಿಸುತ್ತಾರೆ. ಮೂವರೂ ಆಯಾ ಅಂತ್ಯದಿಂದ ಏನನ್ನೋ ಪಡೆದವರೇ ಆಗಿದ್ದಾರೆ. ಸಂಯೋಜನೆ ಅಷ್ಟೊಂದು ಮಂಗಳಕರವಾಗಿ ಕೇಳಿಸಲು ಅದನ್ನು ಹೇಳುತ್ತಿರುವವಳಿಗೆ ಅದರಿಂದಲೇ ಜೀವ ದೊರೆತದ್ದು ಒಂದು ಕಾರಣವೆಂದು ನನಗೆ ಅನ್ನಿಸುತ್ತದೆ. ಒಪ್ಪಿಗೆ ಕೇಳದೆ ಪ್ರತಿಯೊಂದು ಜೀವಿಯ ಒಡಲನ್ನು ಬದಲಿಸಿದ್ದರ ಬಗ್ಗೆ ಅವಳ ಮಾತಿನಲ್ಲಿ ಚಕಾರವಿಲ್ಲ. ನಿಯಂತ್ರಣದ ಭಾಷಣವಂತೂ ಶೆಪರ್ಡ್ ಸಜ್ಜನಿಕೆಯ ಪ್ಯಾರಗಾನ್ ಆಗಿದ್ದನೋ ಒರಟುತನದ ರೆನೆಗೇಡ್ ಆಗಿದ್ದನೋ ಎಂಬುದರ ಮೇಲೆ ಬದಲಾಗುತ್ತದೆ. ಒಂದರಲ್ಲಿ ಕಾವಲುಗಾರನ ದನಿ, ಇನ್ನೊಂದರಲ್ಲಿ ದೊರೆಯ ದನಿ. ಎರಡನ್ನೂ ಕೇಳಿದ ಮೇಲೆಯೇ ಆ ಸಾಲನ್ನು ತುಂಬಿ.

ಬಣ್ಣಗಳನ್ನು ನಂಬಬೇಡಿ. ಈ ಸರಣಿಯಲ್ಲಿ 2007ರ ಮೊದಲ ಭಾಗದಿಂದಲೂ ನೀಲಿ ಸಜ್ಜನಿಕೆಗೆ, ಕೆಂಪು ಒರಟುತನಕ್ಕೆ ಸಂದ ಬಣ್ಣಗಳು. ಕೊನೆಯಲ್ಲಿ ಮಾತ್ರ ಖಳನಾದ ಇಲ್ಯೂಸಿವ್ ಮ್ಯಾನ್ ಬಯಸಿದ ನಿಯಂತ್ರಣಕ್ಕೆ ನೀಲಿ, ಆ್ಯಂಡರ್ಸನ್ ಬಯಸಿದ ನಾಶಕ್ಕೆ ಕೆಂಪು ಸಿಗುತ್ತದೆ. ಮೊದಲ ಬಾರಿ ನೀಲಿಯತ್ತ ಕಾಲು ತಾನಾಗಿ ನಡೆದಿದ್ದರೆ ಅದನ್ನೂ ಪ್ರಾಮಾಣಿಕವಾಗಿ ಬರೆದಿಟ್ಟುಕೊಳ್ಳಿ.

ಸೈನ್ಯಬಲದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಅದು ತೀರ ಕಡಿಮೆಯಿದ್ದರೆ ಸಂಯೋಜನೆಯ ಬಾಗಿಲು ತೆರೆಯುವುದೇ ಇಲ್ಲ, ನಾಶವನ್ನು ಆರಿಸಿದರೆ ಭೂಮಿಯೂ ಸುಟ್ಟುಹೋಗುತ್ತದೆ. ಸಾಕಷ್ಟು ಹೆಚ್ಚಿದ್ದರೆ ನಾಶದ ಕೊನೆಯಲ್ಲಿ ಅವಶೇಷಗಳ ನಡುವೆ ಶೆಪರ್ಡ್ ಒಮ್ಮೆ ಉಸಿರೆಳೆಯುವುದು ಕಾಣುತ್ತದೆ. ಕಡಿಮೆ ಬಲದ ಅಂತ್ಯವನ್ನೂ ಹೆಚ್ಚು ಬಲದ ಅಂತ್ಯವನ್ನೂ ಅಕ್ಕಪಕ್ಕ ಇಟ್ಟು ತೂಗಬೇಡಿ.

ನಿರಾಕರಣೆ ಎಂಬ ನಾಲ್ಕನೆಯ ಅಂತ್ಯ ಎಕ್ಸ್‌ಟೆಂಡೆಡ್ ಕಟ್‌ನೊಂದಿಗೆ ಬಂದದ್ದು. ಮೂರನ್ನೂ ಒಲ್ಲೆನೆಂದರೆ, ಅಥವಾ ಈ ಆಯ್ಕೆಗಳನ್ನು ಮುಂದಿಡುವ ಬಾಲಕನ ರೂಪದತ್ತ ಗುಂಡು ಹಾರಿಸಿದರೆ, ರೀಪರ್‌ಗಳು ಗೆಲ್ಲುತ್ತವೆ. ಶೆಪರ್ಡ್‌ನ ಸಂಗಾತಿ ಲಿಯಾರ ಹೂತಿಟ್ಟ ಎಚ್ಚರಿಕೆಯ ಸಂದೇಶ ಮುಂದಿನ ಯುಗದವರ ಕೈಸೇರಿ ಅವರು ಪಾರಾಗುತ್ತಾರೆ. ಇದನ್ನು ಸೋಲೆಂದು ಬರೆಯಬೇಕೇ ಎಂಬ ವಿಚಾರದಲ್ಲಿ ನಮ್ಮೊಳಗೆ ಇಂದಿಗೂ ಒಮ್ಮತವಿಲ್ಲ. ಮೂವರಲ್ಲಿ ಚಿತ್ರದುರ್ಗದವನಾದ ಗೆಳೆಯನ ವಾದವೆಂದರೆ, ಕೋಟೆ 1779ರಲ್ಲಿ ಹೈದರಾಲಿಯ ವಶವಾಯಿತೆಂಬುದು ಗೊತ್ತಿದ್ದೂ ಓಬವ್ವನ ಕಿಂಡಿಯ ಮುಂದೆ ನಿಂತವರು ಸೋಲಿನ ಮಾತನ್ನು ಎತ್ತುವುದಿಲ್ಲ ಎಂಬುದು. ಓಬವ್ವ ತನ್ನ ಕೈಲಾದದ್ದನ್ನು ಮಾಡಿದಳು, ಇಲ್ಲಿ ಶೆಪರ್ಡ್ ಕೈಯಲ್ಲಿದ್ದ ಒನಕೆಯನ್ನೇ ಕೆಳಗಿಟ್ಟನಲ್ಲ ಎಂಬುದು ನನ್ನ ಉತ್ತರ. ಅವನ ನೋಟ್‌ಬುಕ್ಕಿನಲ್ಲಿ ನಿರಾಕರಣೆ ಮೊದಲ ಸಾಲಿನಲ್ಲಿದೆ. ನನ್ನದರಲ್ಲಿ ಪಟ್ಟಿಯ ಹೊರಗೆ, ಪುಟದ ಅಂಚಿನಲ್ಲಿ.