ಆಗುಂಬೆ ಘಾಟಿ ದಾರಿಗೆ ಸ್ಕೂಟರ್‌ನಲ್ಲಿ ಸಾಮಾನು ಕಟ್ಟುವ ನನ್ನ ಕ್ರಮ

ಕೆಲಸ ಶಿವಮೊಗ್ಗದಲ್ಲಿ, ತವರು ಕಾರ್ಕಳದಲ್ಲಿ. ತೀರ್ಥಹಳ್ಳಿ, ಆಗುಂಬೆ, ಹೆಬ್ರಿ ಮೇಲೆ ಹೋಗುವ ಈ ದಾರಿಯಲ್ಲಿ ನಾನು ಹೆಚ್ಚಾಗಿ ಓಡಾಡುವುದು ನನ್ನ ಹಳೇ ಆಕ್ಟಿವಾದಲ್ಲೇ. ಅಷ್ಟು ಸಾಮಾನು ಅದರಲ್ಲಿ ಹೇಗೆ ಹಿಡಿಸ್ತೀಯ ಅಂತ ಕೇಳುವವರು ಬಹಳ. ಹಿಡಿಸುವುದು ಕಷ್ಟವಲ್ಲ. ಯಾವುದು ದಾರಿಯಲ್ಲಿ ಬೇಕಾಗುತ್ತದೆ, ಯಾವುದು ಮನೆ ಮುಟ್ಟಿದ ಮೇಲೆ ಸಾಕು ಅನ್ನುವುದನ್ನು ಮೊದಲು ಬೇರೆ ಮಾಡಿಕೊಳ್ಳಬೇಕು, ಅಷ್ಟೇ.

ಹಳೇ ಆಕ್ಟಿವಾಗಳಲ್ಲಿ ಪೆಟ್ರೋಲ್ ಮುಚ್ಚಳ ಇರುವುದು ಸೀಟಿನಡಿ. ಹಿಂದಿನ ಸೀಟಿನ ಮೇಲೆ ಬ್ಯಾಗ್ ಇಟ್ಟು ಹಿಂಬದಿಯ ಹಿಡಿಕೆಗೆ ಬಿಗಿದರೆ ಸೀಟು ಏಳುವುದೇ ಇಲ್ಲ. ಬಂಕಿನಲ್ಲಿ ಹಿಂದೆ ಸಾಲು ನಿಂತಿರುವಾಗ ಎಲ್ಲವನ್ನೂ ಬಿಚ್ಚಬೇಕು. ಅದಕ್ಕೇ ನಾನು ಬ್ಯಾಗನ್ನು ಗಾಡಿಗೆ ಕಟ್ಟುವುದಿಲ್ಲ, ಸೀಟಿಗೇ ಕಟ್ಟುತ್ತೇನೆ. ಬಕಲ್ ಇರುವ ಚಪ್ಪಟೆ ಬೆಲ್ಟ್ ಎರಡು ತಗೊಂಡು, ಸೀಟು ಎತ್ತಿ, ಅದರ ತಳದಿಂದ ಅಡ್ಡಕ್ಕೆ ಹಾಯಿಸಿ, ಮೇಲೆ ಬ್ಯಾಗಿನ ಸುತ್ತ ಬಿಗಿಯುವುದು. ತೀರ್ಥಹಳ್ಳಿಯ ಬಂಕಿನಲ್ಲಿ ಕೀಲಿ ತಿರುಗಿಸಿದರೆ ಬ್ಯಾಗ್ ಸಮೇತ ಸೀಟು ಮೇಲೇಳುತ್ತದೆ. ಬೆಲ್ಟ್ ಚಪ್ಪಟೆ ಇದ್ದರೆ ಮಾತ್ರ ಸೀಟಿನ ಲಾಕ್ ಸರಿಯಾಗಿ ಬೀಳುತ್ತದೆ, ದಪ್ಪ ಹಗ್ಗ ಆಗುವುದಿಲ್ಲ. ಸೈಕಲ್ ಟ್ಯೂಬ್ ಕೊಯ್ದ ಪಟ್ಟಿ ಗಟ್ಟಿ ಹೌದು, ಆದರೆ ಅದು ಹಿಡಿಕೆಗೆ ಬಿಗಿಯುವುದಕ್ಕೆ ಸರಿ. ಕೊಕ್ಕೆ ಇರುವ ಎಲಾಸ್ಟಿಕ್ ಹಗ್ಗ ನನಗೆ ಬೇಡವೇ ಬೇಡ. ಎಳೆದಾಗ ಕೈತಪ್ಪಿದರೆ ಕೊಕ್ಕೆ ನೇರ ಮುಖಕ್ಕೇ ಬರುತ್ತದೆ. ಯಾವುದರಲ್ಲೇ ಕಟ್ಟಿ, ಉಳಿದ ತುದಿ ಚಕ್ರದ ಕಡೆ ಜೋತಾಡದಂತೆ ಒಳಗೆ ಸಿಕ್ಕಿಸಿ.

ಸೀಟಿನ ಮೇಲಿನ ಬ್ಯಾಗಿನಲ್ಲಿ ಬಟ್ಟೆ ಮಾತ್ರ. ಭಾರ ಏನಿದ್ದರೂ ಕಾಲಿನ ಹತ್ತಿರ, ಫುಟ್‌ಬೋರ್ಡ್ ಮೇಲೆ. ಭಾರವೆಲ್ಲ ಹಿಂದೆ ಸೇರಿದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಅಲುಗಾಡುತ್ತದೆ, ಆಗುಂಬೆಯ 14 ತಿರುವುಗಳಲ್ಲಿ ಅದು ಚೆನ್ನಾಗಿ ಗೊತ್ತಾಗುತ್ತದೆ. ಫುಟ್‌ಬೋರ್ಡ್ ಮೇಲೆ ಚೀಲ ಇಟ್ಟಮೇಲೆ ಅಂಗಳದಲ್ಲೇ ಹ್ಯಾಂಡಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ ನೋಡುತ್ತೇನೆ. ಚೀಲದ ಮೂಲೆ ಎಲ್ಲಾದರೂ ತಾಗಿದರೆ ಇಳಿಸಿ ಮತ್ತೆ ಜೋಡಿಸುವುದು. ಎರಡೂ ಪಾದ ಆರಾಮಾಗಿ ಊರುವಷ್ಟು ಜಾಗ ಉಳಿಯದಿದ್ದರೆ ಒಂದು ಸಾಮಾನು ಮನೆಯಲ್ಲೇ ಉಳಿಯುತ್ತದೆ.

ಡಿಕ್ಕಿಯ ಕೆಳಗೇ ಇಂಜಿನ್, ಹಾಗಾಗಿ ಅದು ಬಿಸಿ. ಮಾತ್ರೆ, ಪವರ್ ಬ್ಯಾಂಕ್, ಚಾಕೊಲೇಟ್ ಅಲ್ಲಿಗೆ ಹೋಗಬಾರದು. ಸ್ಪ್ಯಾನರ್, ಒರೆಸುವ ಬಟ್ಟೆ, ಚಪ್ಪಲಿ ಅಲ್ಲಿಗೆ ಸಾಕು. ಲೈಸೆನ್ಸ್, ದುಡ್ಡು, ಫೋನ್, ಮನೆ ಕೀಲಿ ಸೊಂಟದ ಚೀಲದಲ್ಲಿ. ತಿಂಡಿಗೆ ಇಳಿದಾಗ ಅದು ನನ್ನ ಜೊತೆಗೇ ಬರುತ್ತದೆ, ಗಾಡಿ ಕಣ್ಣಿಗೆ ಕಾಣುವ ಮೇಜು ಹಿಡಿದರೆ ಆಯಿತು. ಆರ್‌ಸಿ, ಇನ್ಶೂರೆನ್ಸ್ ಡಿಜಿಲಾಕರ್‌ನಲ್ಲಿ ಇವೆ; ಆದರೆ ಘಾಟಿಯಲ್ಲಿ ನೆಟ್‌ವರ್ಕ್ ನಂಬಲಾಗದು ಅಂತ ಕಾಗದಗಳನ್ನೂ ಜಿಪ್ ಕವರಿನಲ್ಲಿ ಇಟ್ಟುಕೊಳ್ಳುತ್ತೇನೆ.

ಮುಂದಿನ ಹುಕ್ಕಿಗೆ ತಿನ್ನುವ ಪದಾರ್ಥ ಯಾವುದನ್ನೂ ತೂಗುಹಾಕುವುದಿಲ್ಲ. ಆಗುಂಬೆ ತಿರುವುಗಳಲ್ಲಿ ಗಾಡಿ ನಿಂತರೆ ಸಾಕು, ಕೋತಿಗಳು ಬಂದೇ ಬರುತ್ತವೆ, ಪ್ಲಾಸ್ಟಿಕ್ ಕವರಿನ ಸದ್ದು ಅವಕ್ಕೆ ಚೆನ್ನಾಗಿ ಗೊತ್ತು.

ಮಳೆಗಾಲದಲ್ಲಿ ಬ್ಯಾಗಿನ ಹೊರಗೆ ಹಾಕುವ ಕವರ್ ನೆಚ್ಚಿಕೊಳ್ಳಬೇಡಿ. ಗಾಳಿಗೆ ಅದು ಉಬ್ಬುತ್ತದೆ, ಹಿಂದಿನ ಚಕ್ರದ ರಾಡಿ ಕೆಳಗಿಂದ ಹಾರಿ ಒಳಗೆ ಸೇರುತ್ತದೆ. ಬ್ಯಾಗಿನ ಒಳಗೇ ದೊಡ್ಡ ದಪ್ಪ ಪ್ಲಾಸ್ಟಿಕ್ ಚೀಲ ಹಾಸಿ, ಬಟ್ಟೆ ತುಂಬಿ, ಬಾಯಿ ತಿರುಚಿ ಮಡಚಿ ಕಟ್ಟಿದರೆ ಆಗುಂಬೆ ಮಳೆಯಲ್ಲೂ ಒಂದು ಹನಿ ಒಳಗಿಳಿಯುವುದಿಲ್ಲ. ರೇನ್‌ಕೋಟ್ ಎಲ್ಲಕ್ಕಿಂತ ಮೇಲೆ, ಬೆಲ್ಟಿನಡಿ. ಬ್ಯಾಗ್ ಬಿಚ್ಚದೆ ಕೈಗೆ ಸಿಗಬೇಕು. ಆಗುಂಬೆಗೆ ಮೊದಲು ಸಿಗುವ ಮೇಗರವಳ್ಳಿ ಬಳಿ ಮೋಡ ಕಂಡರೆ ಮಳೆಗೆ ಕಾಯದೆ ಅಲ್ಲೇ ಹಾಕಿಕೊಳ್ಳುತ್ತೇನೆ. ಒದ್ದೆಯಾದ ಮೇಲೆ ಅದು ಮತ್ತೆ ಅಲ್ಲೇ, ಬ್ಯಾಗಿನ ಹೊರಗೆ.

ಬರುವಾಗ ಅಮ್ಮ ಕೊಡುವ ಕುಚ್ಚಲಕ್ಕಿ, ಹಪ್ಪಳ, ಸೌತೆಕಾಯಿ, ತೆಂಗಿನೆಣ್ಣೆ ಇದ್ದೇ ಇರುತ್ತವೆ. ಹಾಗಾಗಿ ಹೋಗುವಾಗಲೇ ಫುಟ್‌ಬೋರ್ಡ್ ಖಾಲಿ, ಒಂದು ಬಟ್ಟೆ ಚೀಲ ಮಡಚಿ ಡಿಕ್ಕಿಯಲ್ಲಿ. ಅಕ್ಕಿ ತಳದಲ್ಲಿ, ಅದರ ಮೇಲೆ ಸೌತೆಕಾಯಿ. ಎಣ್ಣೆ ಬಾಟಲಿಯ ಮುಚ್ಚಳಕ್ಕೆ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಅಕ್ಕಿಯ ನಡುವೆ ನೆಟ್ಟಗೆ ನಿಲ್ಲಿಸುತ್ತೇನೆ. ಹಪ್ಪಳ ಮಾತ್ರ ಸೀಟಿನ ಮೇಲಿನ ಬ್ಯಾಗಿಗೆ, ಎರಡು ಸೀರೆಗಳ ಮಧ್ಯೆ.